ದೀಪಕ್ಕೆ ತಾಗದ ಗಾಳಿ

ಅಲ್ಫರೆಟಾ, ನಿನ್ನದೇ ಅಡುಗೆಮನೆಯಿಂದ
೨೧ ಜನವರಿ ೨೦೨೪, ಭಾನುವಾರ

ಪ್ರೀತಿಯ ತಮ್ಮ ಗುರುದತ್‌ಗೆ,

ವಾಷಿಂಗ್ಟನ್ನಿನಲ್ಲಿ ಆರೋಗ್ಯವಾಗಿದ್ದೀಯ ಎಂದುಕೊಂಡಿದ್ದೇನೆ. ಹೋಟೆಲಿನ ರೂಮು ಬೆಚ್ಚಗಿರಬೇಕು. ಇರಲಿ, ಅಕ್ಕನಾಗಿ ಕೇಳುತ್ತಿದ್ದೇನೆ. ಹೊಟ್ಟೆ ಉರಿಯುವ ವಿಷಯ ಮುಂದಿದೆ. ಫೋನಿನಲ್ಲಿ ಹೇಳಿದರೆ ‘ಅಕ್ಕಾ, ಮೀಟಿಂಗ್‌ನಲ್ಲಿದೀನಿ, ಆಮೇಲೆ ಕಾಲ್ ಮಾಡ್ತೀನಿ’ ಅನ್ನುತ್ತೀಯ. ಕಾಗದವನ್ನು ನಡುವೆ ಕಟ್ ಮಾಡಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮನೆಯೊಳಗೆ ಚಳಿಗಾಳಿ ನುಗ್ಗುವ ಸಂದುಗಳನ್ನು ಹುಡುಕಿ ಮುಚ್ಚುವುದು ಹೇಗೆಂದು ನಾನು ನಮ್ಮೂರು ಏಪೆಕ್ಸ್‌ನಲ್ಲಿ ಜನರಿಗೆ ಕಲಿಸುತ್ತೇನಲ್ಲ, ಅದನ್ನೇ ಇಲ್ಲಿನ ಕನ್ನಡದವರಿಗೂ ತೋರಿಸು ಎಂದು ಕರೆದವನು ನೀನೇ. ‘ನಮ್ಮನೇಲೇ ಡೆಮೋ ಮಾಡು ಅಕ್ಕಾ, ನಮ್ಮದು ಪರ್ಫೆಕ್ಟ್ ಮನೆ’ ಎಂದು ಹೇಳಿ ಹಾರಿಹೋದೆ. ನಿನ್ನೆ ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಒಳಗಿನ ಗಾಳಿಯನ್ನು ಹೊರಗೆ ಎಳೆಸಿದೆ. ಆಗ ಎಲ್ಲಿ ಸಂದಿದೆಯೋ ಅಲ್ಲಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ, ಹಿಡಿದ ಹೊಗೆ ಬಾಗುತ್ತದೆ. ಅದಕ್ಕೆಂದೇ ಇರುವ, ಹೊಗೆ ಬಿಡುವ ಪೆನ್ನು ಮರೆತು ಬಂದಿದ್ದೆ. ಅಮ್ಮನ ಊದುಬತ್ತಿಯನ್ನೇ ಹಿಡಿದು ಹೊರಟೆ. ಕಿಟಕಿ, ಬಾಗಿಲು, ಮೆಟ್ಟಿಲು, ಎಲ್ಲ ಕಡೆ ಹೊಗೆ ನೆಟ್ಟಗೆ. ನಿನ್ನ ಗೆಳೆಯ ಕಲ್ಮೇಶ್ ‘ಸೂಪರ್’ ಎಂದು ಚಪ್ಪಾಳೆ ತಟ್ಟಿದ. ಕೊನೆಗೆ ಗ್ಯಾರೇಜಿನ ಮೇಲಿರುವ ಅಮ್ಮನ ಕೋಣೆ. ಅಮ್ಮ ದೇವರ ದೀಪಕ್ಕೆ ಕೈ ಮರೆಮಾಡಿ ನಿಂತಿದ್ದಳು. ಅವಳ ಹಾಸಿಗೆಯ ತಲೆದಿಕ್ಕಿನಲ್ಲಿ ಹೊಗೆ ಸುಯ್ಯೆಂದು ಅಡ್ಡ ಹರಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅದಾದರೂ ಹೋಗಲಿ, ಮನೆ ಕಟ್ಟಿದವನ ತಪ್ಪು. ಆದರೆ ಮೇಲೆ ಹೀಟರಿನ ಬಿಸಿಗಾಳಿ ಬರುವ ಜಾಲರಿಗೆ ಅಗಲವಾದ ಬೆಳ್ಳಿ ಬಣ್ಣದ ಟೇಪು! ಯಾರು ಅಂಟಿಸಿದ್ದು ಎಂದರೆ ಅಮ್ಮ ಹೆಮ್ಮೆಯಿಂದ, ‘ಗುರುನೇ ಕಣೇ. ಗಾಳಿಗೆ ದೀಪ ಆರಿಹೋಗ್ತಿತ್ತು. ಪಾಪ, ಅವನೇ ಏಣಿ ಹತ್ತಿ ಮುಚ್ಚಿಕೊಟ್ಟ’ ಎಂದಳು. ಅಯ್ಯೋ ಮಹಾರಾಯ! ದೇವರು, ದೀಪ ಇಟ್ಟ ಸ್ಟೂಲನ್ನು ಸ್ವಲ್ಪ ಪಕ್ಕಕ್ಕೆ ಸರಿಸಲು ನಿನ್ನ ಎಂಜಿನಿಯರ್ ಬುದ್ಧಿಗೆ ಹೊಳೆಯಲಿಲ್ಲವೇ? ಈಶಾನ್ಯ ಮೂಲೆ ತಪ್ಪಬಾರದು ಅಂದೆಯಂತೆ. ಎರಡು ಚಳಿಗಾಲ ಅಮ್ಮ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಮಲಗಿದ್ದಾಳೆ. ಬೆರಳು ಮರಗಟ್ಟುತ್ತವೆ ಎಂದು ನನಗೆ ಫೋನಿನಲ್ಲಿ ಹೇಳಿದಾಗಲೆಲ್ಲ ನೀನು ಹಿಂದಿನಿಂದ ‘ವಯಸ್ಸಾಯ್ತಲ್ಲ ಅಕ್ಕಾ, ಅಮ್ಮಂಗೆ ಎಲ್ಲಾ ಜಾಸ್ತಿ ಅನ್ಸತ್ತೆ’ ಎಂದು ನಗುತ್ತಿದ್ದೆ. ಅದು ನೆನಪಾದರೆ ಕೋಪ ನೆತ್ತಿಗೇರುತ್ತದೆ ಗುರು. ದೀಪಕ್ಕೆ ಗಾಳಿ ತಾಗಬಾರದೆಂದು ಏಣಿ ಹತ್ತಿದವನು, ಇಳಿದ ಮೇಲೆ ಅಮ್ಮನ ಹಾಸಿಗೆಯ ಮೇಲೆ ಒಂದು ಗಳಿಗೆ ಕೂತು ನೋಡಬಾರದಿತ್ತೇ?

ನಿನ್ನ ಹೆಂಡತಿಯನ್ನು ಅನ್ನಬೇಡ. ತಾನು ಟೇಪು ಕೀಳಲು ಹೋದಾಗ ಬೇಡವೆಂದವರು ತಾಯಿ ಮಗ ಇಬ್ಬರೇ ಎಂದು ಶ್ರೀಲತಾ ಅತ್ತುಬಿಟ್ಟಳು. ಹುಳಿ ಮಾಡಿ ಫ್ರಿಜ್‌ನಲ್ಲಿಟ್ಟಿದ್ದೇನೆ, ಅದರ ಬಾಗಿಲಿಗೇ ಈ ಕಾಗದ ಅಂಟಿಸಿ ಹೋಗುತ್ತೇನೆ; ನಾಳೆ ಬಂದಾಗ ಬಿಸಿ ಮಾಡಿಕೋ. ಎಷ್ಟು ಬೈದರೂ ನನಗಿರುವವನು ನೀನೊಬ್ಬನೇ ತಮ್ಮ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಜೊತೆಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನ
ಗಂಗಕ್ಕ

ತಾ.ಕ.: ಅಮ್ಮ ಕಾರಿನಲ್ಲಿ ಕೂತಿದ್ದಾಳೆ. ನನ್ನ ಜೊತೆ ಏಪೆಕ್ಸ್‌ಗೆ ಬರುತ್ತಾಳೆ. ಟೇಪನ್ನು ಹಾಗೇ ಬಿಟ್ಟಿದ್ದೇನೆ, ದೀಪವನ್ನೂ. ದೀಪ ಆರಬಾರದೆಂಬುದೊಂದೇ ಅವಳ ಚಿಂತೆ; ಗುರು ಪಕ್ಕದಲ್ಲೇ ಮಲಗಿ ನೋಡಿಕೊಳ್ಳುತ್ತಾನೆ ಎಂದು ಮಾತು ಕೊಟ್ಟಿದ್ದೇನೆ. ಅವಳ ಕೋಣೆಯಲ್ಲೇ ನಿನಗೆ ಹಾಸಿಗೆ ಹಾಸಿಟ್ಟಿದೆ. ಸ್ವೆಟರುಗಳನ್ನು ಮಾತ್ರ ತೆಗೆದುಕೊಂಡು ಹೋಗುತ್ತಿದ್ದೇನೆ.