ಸಮುದ್ರದ ಮುಂದಿನ ಕೋಣೆ

ಮುಡಬಿ

ಪ್ರೀತಿಯ ಸೋನಾಲಿಗೆ ಆಶೀರ್ವಾದಗಳು.

ಅಳಿಯಂದಿರ ಗೊಬ್ಬರದ ಅಂಗಡಿಗೆ ಕಂಪನಿಯವರು ಟರ್ಕಿ ಪ್ರವಾಸ ಕೊಟ್ಟಿದ್ದು ಕೇಳಿ ಸಂತೋಷವಾಯಿತು. ನೀನು ಕಳಿಸಿದ ಬೋಡ್ರುಮ್ ಊರಿನ ಎರಡೂ ಹೋಟೆಲುಗಳ ಫೋಟೊ ನೋಡಿದೆವು. ಗುಡ್ಡದ ಮೇಲಿನದು ಅರಮನೆಯಂತಿದೆ. ಇನ್ನೊಂದರಲ್ಲಿ ಕೋಣೆಯ ಬಾಗಿಲು ತೆರೆದರೆ ಸಮುದ್ರ. ನೀನು ಗುಡ್ಡದ್ದೇ ಸಾಕು ಎಂದಿದ್ದೀ. ನಮ್ಮ ಮಗ ಅಜೀತ ಬದುಕಿದ್ದಾಗ ನಿನಗೆ ಸಮುದ್ರ ತೋರಿಸುವುದಾಗಿ ಹೇಳುತ್ತಿದ್ದ. ಅದಕ್ಕೇ ಹಿಂಜರಿಯುತ್ತಿರುವೆ ಎಂದು ಇಲ್ಲಿ ನಿನ್ನ ಅತ್ತೆಗೆ ಹೊಳೆಯಿತು.

"ಸೊಸಿ ಅಂತ ತಂದು, ಮಗಳಂತ ಧಾರಿ ಎರದು ಕೊಟ್ಟೀವಿ. ಸಮುದ್ರದ ಮುಂದಿನ ಖೋಲಿನೇ ತಗೋ ಅಂತ ಬರೀರಿ. ಅಕಿ ನಕ್ಕರ ನನ್ನ ಮಗ ಸಿಟ್ಟಿಗೇಳಂವ ಅಲ್ಲ" ಎಂದಳು.

ನನ್ನದೂ ಅದೇ ಮಾತು. ಇಬ್ಬರೂ ಒಟ್ಟಿಗಿರುವ ಫೋಟೊ ಕಳಿಸು, ಪಡಸಾಲೆಯಲ್ಲಿ ಹಾಕುತ್ತೇವೆ. ನೀರಿಗೆ ಇಳಿಯುವಾಗ ಅಳಿಯಂದಿರ ಕೈ ಗಟ್ಟಿಯಾಗಿ ಹಿಡಿದುಕೊ.

ನಿನ್ನ ಅಪ್ಪ,
ಪಂಡರಿ