ಕುಟುಂಬದ ಬೆಂಬಲ

ಮಾರ್ಚ್ ೧೪, ಗುರುವಾರ

ಇಡೀ ತರಗತಿಯಲ್ಲಿ ನನ್ನ ವರದಿಗೇ ಹೆಚ್ಚು ಅಂಕ. ಖುಷಿಪಡಲು ಬೆಳಗಿನಿಂದ ಹೆಣಗುತ್ತಿದ್ದೇನೆ, ಆಗುತ್ತಿಲ್ಲ.

ಸಮಾಜಕಾರ್ಯ ಪದವಿಗೆ ಒಂದು ಮನೆಯನ್ನು ತಿಂಗಳು ಪೂರ್ತಿ ಗಮನಿಸಿ ವರದಿ ಬರೆಯಬೇಕಿತ್ತು. ಬಿಸಿಲಲ್ಲಿ ಬೀದಿ ಅಲೆಯುವುದು ಯಾರಿಗೆ ಬೇಕು? ನಮ್ಮ ಮನೆಯ ಕಥೆಯನ್ನೇ ಹೆಸರು ಮರೆಮಾಚಿ ಬರೆದೆ, ನನ್ನೊಬ್ಬಳನ್ನು ಬಿಟ್ಟು. ಅಣ್ಣ ಅತ್ತಿಗೆಗೆ ಹೊಡೆಯುವಾಗ ಬಾಗಿಲ ಸಂದಿಯಲ್ಲಿ ನಿಂತು ಗಡಿಯಾರ ನೋಡಿದ್ದೆ. ಎಂಟು ನಿಮಿಷ. ಮೇಡಂ ಅದರ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ 'ಎಷ್ಟು ಸೂಕ್ಷ್ಮ ಕಣ್ಣು!' ಎಂದು ಬರೆದಿದ್ದಾರೆ. ಥೂ.

ಸಂಜೆ ಅತ್ತಿಗೆ ಬಟ್ಟೆ ಮಡಚುತ್ತಾ, "ಅಷ್ಟೊಂದು ಮಾರ್ಕ್ಸ್ ಬರೋಕೆ ಅದೇನು ಬರ್ದಿದೀಯ? ಓದು, ಕೇಳೋಣ" ಅಂದಳು. ಅವಳಿಗೆ ಓದು ಬಾರದು. ಹೆಸರೂ ಇಲ್ಲ, ಇವಳಿಗೆಲ್ಲಿ ಗೊತ್ತಾಗುತ್ತದೆ ಎಂಬ ಧೈರ್ಯದಲ್ಲಿ ಓದಿದೆ. ಆ ಎಂಟು ನಿಮಿಷದ ಸಾಲು ಬಂದಾಗ ಅವಳ ಕೈ ನಿಂತಿತು.

"ಪಾಪ. ಆ ಮನೇಲಿ ಅವಳಿಗೆ ಅಂತ ಯಾರೂ ಇರ್ಲಿಲ್ವಾ?"

ವರದಿಯಲ್ಲಿ ಅದಕ್ಕೂ ಒಂದು ಕಲಂ ಇದೆ, ಕುಟುಂಬದ ಬೆಂಬಲ ಅಂತ. ಅದರ ಮುಂದೆ ನಾನು ಬರೆದದ್ದನ್ನು ಓದಿ ಹೇಳಿದೆ: "ಇಲ್ಲ."

"ಸರಿಯಾಗೇ ಬರ್ದಿದೀಯ ಬಿಡು" ಎಂದು ನನ್ನ ಅಂಗಿಯನ್ನು ನೀಟಾಗಿ ಮಡಚಿ ನನ್ನ ಮಡಿಲಲ್ಲಿಟ್ಟು ಎದ್ದುಹೋದಳು.

ಅತ್ತಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ಇನ್ನೂ ಚೆನ್ನಾಗಿತ್ತು.

ಈಗ ಗೋಡೆಯಾಚೆ ಅಣ್ಣನ ದನಿ ಏರುತ್ತಿದೆ. ಹೋಗಿ ಬಾಗಿಲು ಬಡಿಯಬೇಕು. ಪೆನ್ನು ಕೈ ಬಿಡುತ್ತಿಲ್ಲ. ಹತ್ತು ಗಂಟೆ ಇಪ್ಪತ್ತು ನಿಮಿಷ. ಇಪ್ಪತ್ತೊಂದು. ಇಪ್ಪತ್ತೆರಡು