ಮಾವನ ಎಡಗೈಗೊಂದು ಬ್ರಷ್ಷು

ಗುಡಗೇರಿ,
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ರೋಹಿಣಿ,

ನಿನ್ನ ಅತ್ತೆಯ ತುಂಬು ಮನಸ್ಸಿನ ಆಶೀರ್ವಾದ. ಮೊದಲು ನಿನ್ನ ಕಾಲಿನ ಸುದ್ದಿ ಹೇಳು. ಬೂಟು ಕಚ್ಚಿ ಹಿಮ್ಮಡಿ ಸುಲಿದಿದೆ ಎಂದು ಗೌರೀಶ ಹೇಳಿದಾಗಿನಿಂದ ನನಗೆ ಅದೇ ಚಿಂತೆ. ಮಲಗುವ ಮುಂದೆ ಕೊಬ್ಬರಿ ಎಣ್ಣೆ ಹಚ್ಚಿ, ಮೇಲೆ ಹಳೆಯ ಕಾಲುಚೀಲ ಹಾಕಿಕೊ. ನಸುಕಿನಲ್ಲೇ ಮೈದಾನದ ಸುತ್ತ ಓಡಿಸುತ್ತಾರಂತೆ. ಓಡುವ ಮೊದಲು ಎರಡು ಖರ್ಜೂರವನ್ನಾದರೂ ಬಾಯಿಗೆ ಹಾಕಿಕೊ, ಬರೀ ಹೊಟ್ಟೆಯಲ್ಲಿ ಓಡಬೇಡ. ಶೇಂಗಾ ಚಟ್ನಿ ಮುಗಿದಿದ್ದರೆ ತಿಳಿಸು. ಪೊಲೀಸರು ಬಂದರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಮನೆ ನಮ್ಮದು. ಈಗ ನಮ್ಮ ಸೊಸೆಯೇ ಕಲಬುರಗಿಯಲ್ಲಿ ಪೊಲೀಸ್ ತರಬೇತಿಯಲ್ಲಿದ್ದಾಳೆ ಎಂದು ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಭಾನುವಾರ ನಿಮಗೆ ಫೋನು ಕೊಡುವುದು ಹತ್ತೇ ನಿಮಿಷ, ಆ ಹತ್ತನ್ನೂ ನನ್ನ ಮಗ ಗೌರೀಶನೇ ನುಂಗಿ ನೀರು ಕುಡಿಯುತ್ತಾನೆ. ಗಂಡ ಹೆಂಡತಿಯ ನಡುವೆ ನಾನು ಬಾಯಿ ಹಾಕುವುದಿಲ್ಲ. ಅದಕ್ಕೇ ಈ ಕಾಗದ. ಏಳನೇ ಇಯತ್ತೆ ಓದಿದವಳ ಅಕ್ಷರ, ಸಾವಕಾಶವಾಗಿ ಓದಿಕೊ.

ಇಲ್ಲಿ ಎಲ್ಲರೂ ಆರಾಮ. ಒಂದು ವಿಷಯಕ್ಕೆ ಮಾತ್ರ ನಿನ್ನ ಸಲಹೆ ಬೇಕು. ನಿನ್ನ ಮಾವನವರಿಗೆ ಕರೆಂಟಿನ ಬ್ರಷ್ಷು, ಅದೇ ತನ್ನಷ್ಟಕ್ಕೆ ತಾನೇ ಹಲ್ಲು ತಿಕ್ಕುವ ಮಷೀನು, ತರಿಸಬೇಕೋ ಬೇಡವೋ? ನಗಬೇಡ. ಹದಿನೈದು ದಿನದಿಂದ ನಮ್ಮ ಮನೆಯಲ್ಲಿ ಇದೊಂದೇ ಮಾತು.

ಯುಗಾದಿಯ ಮುಂದೆ ಅವರಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದಾಗ ನೀನು ಇಲ್ಲೇ ಇದ್ದೆ, ನೀನೇ ದವಾಖಾನೆಯಲ್ಲಿ ಓಡಾಡಿದವಳು. ಕಾಲು ಸುಧಾರಿಸಿತು. ಮಾತು ಸುಧಾರಿಸಿತು, ಬೇಕಾದ್ದಕ್ಕಿಂತ ಒಂದು ತೂಕ ಹೆಚ್ಚೇ ಸುಧಾರಿಸಿತು. ಕೈ ಮಾತ್ರ ಹಾಗೇ ಇದೆ. ನಿನಗೆ ಗೊತ್ತಲ್ಲ, ಹಲ್ಲು ತಿಕ್ಕಿ, ಸ್ನಾನ ಮಾಡಿ, ಲಿಂಗಪೂಜೆ ಮುಗಿಸದ ಹೊರತು ಅವರು ಒಂದು ಗುಟುಕು ಚಹಾ ಮುಟ್ಟುವವರಲ್ಲ. ಪೂಜೆಗೆ ಕೂತಾಗ ನಾನು ನೀರು ಹಾಕಿದರೆ, ನಾನು ವಿಭೂತಿ ಹಚ್ಚಿದರೆ, ಪತ್ರಿ ಏರಿಸಿದರೆ ತಕರಾರಿಲ್ಲ. ಹಲ್ಲುಪುಡಿ ತೆಗೆದುಕೊಂಡು ಗದ್ದ ಹಿಡಿದರೆ ಮಾತ್ರ ಬಾಯಿಗೆ ಬೀಗ. “ನಾ ಏನ್ ತೊಟ್ಟಲದಾಗಿನ ಕೂಸೇನ? ತಗೀ ಕೈ!” ಎನ್ನುತ್ತಾರೆ. ಹೀಗೇ ಒಂಬತ್ತಾಗುತ್ತದೆ, ಹತ್ತಾಗುತ್ತದೆ. ಹಲ್ಲು ತಿಕ್ಕದೆ ಪೂಜೆ ಇಲ್ಲ, ಪೂಜೆ ಇಲ್ಲದೆ ರೊಟ್ಟಿ ಇಲ್ಲ, ರೊಟ್ಟಿ ಇಲ್ಲದೆ ಬಿಪಿ ಗುಳಿಗೆ ಇಲ್ಲ. ಕಳೆದ ತಿಂಗಳು ಒಂದು ದಿನ ಮಧ್ಯಾಹ್ನ ಎರಡರವರೆಗೆ ಉಪವಾಸ ಕೂತು ತಲೆ ತಿರುಗಿ ಕಟ್ಟೆಯ ಮೇಲೆ ವಾಲಿಬಿಟ್ಟರು. ನಿನಗೆ ಹೇಳಬೇಡ ಎಂದು ಗೌರೀಶನಿಗೆ ಆಣೆ ಹಾಕಿದ್ದೆ. ಈಗ ನಾನೇ ಹೇಳುತ್ತಿದ್ದೇನೆ, ನನ್ನ ಬಾಯಿ ಅಷ್ಟೇ. ಇನ್ನೊಂದು ದಿನ ಸಿಟ್ಟಿನಲ್ಲಿ ನನ್ನ ಬೆರಳನ್ನೇ ಕಚ್ಚಿದರು. ಬೇಕೆಂದು ಕಚ್ಚಿದ್ದೋ ತಪ್ಪಿ ಕಚ್ಚಿದ್ದೋ, ಈವರೆಗೆ ಬಾಯಿಬಿಟ್ಟಿಲ್ಲ. ನಿನ್ನ ಮಾವನ ಹಲ್ಲು ಇನ್ನೂ ಗಟ್ಟಿ ಇವೆ ಎನ್ನಲು ನನ್ನ ಬೆರಳೇ ಸಾಕ್ಷಿ.

ಆದರೆ ವಸಡು ಗಟ್ಟಿ ಇಲ್ಲ. ಬಲಗಡೆಯ ಕೆನ್ನೆ ಊದಿಕೊಂಡಿತ್ತು. ನಮ್ಮ ಹಿಂದಿನ ಓಣಿಯ ರಹೀಮಾಬಿಯ ಮಗಳು ರೂಬಿನಾ ದಿನಾ ರೈಲಿಗೆ ಹುಬ್ಬಳ್ಳಿಗೆ ಹೋಗಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುತ್ತಾಳಲ್ಲ, ಅವಳೇ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದಳು. ದಿನಾ ಸರಿಯಾಗಿ ತಿಕ್ಕದಿದ್ದರೆ ಎರಡು ದವಡೆಹಲ್ಲು ಕೀಳಬೇಕಾದೀತು ಎಂದು ಡಾಕ್ಟರು ಹೇಳಿದರಂತೆ. ಇವರಿಗೆ ಖಡಕ್ ರೊಟ್ಟಿ ಇಲ್ಲದೆ ಊಟವೇ ಅಲ್ಲ. ಹಲ್ಲು ಹೋದರೆ ಗಂಜಿಯ ಮೇಲೆ ಬಾಳುವ ಮನುಷ್ಯನೇ? ಎಡಗೈಯಿಂದ ಸಾದಾ ಬ್ರಷ್ಷು ಹಿಡಿದರೆ ಅದು ಮೂಗಿಗೋ ತುಟಿಗೋ ಹೋದೀತು, ಬಾಯೊಳಗೆ ಹೋದರೂ ರೂಢಿಯಿಲ್ಲದ ಆ ಕೈಗೆ ತಿಕ್ಕುವುದು ಬರಲಿಕ್ಕಿಲ್ಲ. ಆಗ ರೂಬಿನಾ ಈ ಮಷೀನಿನ ಮಾತು ತೆಗೆದಳು. ಅದನ್ನು ಹಲ್ಲಿಗೆ ತಾಗಿಸಿ ಹಿಡಿದರೆ ಸಾಕಂತೆ, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದಂತೆ.

ನನ್ನ ಸ್ವಭಾವ ನಿನಗೆ ಗೊತ್ತು. ಹೊಸ ವಸ್ತು ಕಂಡರೆ ಅದರ ಹೊಟ್ಟೆಯಲ್ಲಿ ಏನಿದೆ ಎಂದು ನೋಡದೆ ನನಗೆ ಊಟ ಸೇರುವುದಿಲ್ಲ. ಕಳೆದ ವಾರದ ಭಾನುವಾರ ರೂಬಿನಾ ಅವ್ವನನ್ನೂ ಕರೆದುಕೊಂಡು ಬಂದು ತನ್ನದೇ ಬ್ರಷ್ಷು ತೋರಿಸಿದಳು. ಹಿಡಿಕೆ ಒಂದೇ, ಮೇಲಿನ ತಲೆ ಮಾತ್ರ ಬೇರೆ ಬೇರೆ, ಬಿಚ್ಚಿ ಹಾಕಬಹುದು. ಗುಂಡಿ ಒತ್ತಿದರೆ ಗುಂಯ್ ಎನ್ನುತ್ತದೆ. ಅರ್ಧ ನಿಮಿಷಕ್ಕೊಮ್ಮೆ ತಡವರಿಸಿ, ಇನ್ನು ಆ ಕಡೆ ಹೋಗು ಎಂದು ತಿಳಿಸುತ್ತದೆ. ಅತಿಯಾಗಿ ಒತ್ತಿದರೆ ಕೆಂಪು ದೀಪ ಹತ್ತುತ್ತದೆ. ನಿನ್ನ ಮಾವನಿಗೂ ಇಂಥದೊಂದು ದೀಪ ಇದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ನನಗನ್ನಿಸಿತು. ವಸಡು ಹರಿದರೆ ಎಂಬ ಹೆದರಿಕೆಗೆ ನಾನು ಅಡುಗೆಮನೆಯಿಂದ ಹಣ್ಣಾದ ಟೊಮೆಟೊ ತಂದು ಅದರ ಮೇಲೆ ಓಡಿಸಿ ನೋಡಿದೆ. ಸಿಪ್ಪೆಗೆ ಏನೂ ಆಗಲಿಲ್ಲ. ಇನ್ನೂ ಸಡಿಲ ಸಿಪ್ಪೆಯದು ಬೇಕೆಂದು ನೆನೆಸಿಟ್ಟ ಅವರೆಕಾಳು ತಂದೆ, ಅದು ಹಾರಿ ಹೋಗಿ ರಹೀಮಾಬಿಯ ಚಹಾದ ಕಪ್ಪಿನಲ್ಲಿ ಬಿತ್ತು. ಹೊಸ ತಲೆ ಹಾಕಿಸಿಕೊಂಡು ನನ್ನ ಹದಿನೇಳು ಹಲ್ಲಿಗೂ ಹಿಡಿದುಕೊಂಡೆ. ಹಿಟ್ಟಿನ ಗಿರಣಿಯಲ್ಲಿ ಕಂಬಕ್ಕೆ ತಲೆ ಆನಿಸಿ ನಿಂತ ಹಾಗಾಯಿತು, ಕಿವಿಯವರೆಗೂ ಗುಂಯ್. ಬಾಯಿ ತೊಳೆದ ಮೇಲೆ ನಾಲಿಗೆ ಆಡಿಸಿದರೆ ಹಲ್ಲೆಲ್ಲ ತೊಳೆದಿಟ್ಟ ಪಿಂಗಾಣಿ ಬಟ್ಟಲು. ಶಾಕ್ ಹೊಡೆದೀತೇ ಎಂದು ಗೌರೀಶನನ್ನು ಕೇಳಿದೆ. ದಿನಾ ಕಂಬ ಹತ್ತುವ ಲೈನ್‌ಮನ್ ಮಗ ಮನೆಯಲ್ಲಿರುವಾಗ ಬೇರೆ ಯಾರನ್ನು ಕೇಳಲಿ? “ಅವ್ವಾ, ಇದರಾಗ ಬರೇ ಸೆಲ್ ಐತಿ, ಇರಿವಿ ಕಚ್ಚಿದಷ್ಟೂ ಆಗೂದಿಲ್ಲ” ಎಂದು ನಕ್ಕ.

ಇಷ್ಟೆಲ್ಲ ನಡೆಯುವಾಗ ನಿನ್ನ ಮಾವ ಕಟ್ಟೆಯ ಮೇಲೆ ಮುಖ ತಿರುಗಿಸಿಕೊಂಡು ಕೂತಿದ್ದರು. ಕಣ್ಣು ಮಾತ್ರ ಇತ್ತಲೇ. ಕೊನೆಗೆ, “ಅದರ ಕೂದಲಾ ಹಂದೀದು. ನಾ ಬಾಯಾಗ ಇಡಾಂವಲ್ಲ” ಎಂದರು. ಬ್ರಷ್ಷನ್ನು ಹಂದಿಯ ಕೂದಲಿನಿಂದ ಮಾಡುತ್ತಾರೆಂದು ಚಿಕ್ಕಂದಿನಲ್ಲಿ ಯಾರೋ ಅವರಿಗೆ ಹೇಳಿದ್ದರಂತೆ. ನಲವತ್ಮೂರು ವರ್ಷ ಬದುಕಿದ್ದೇನೆ ಈ ಮನುಷ್ಯನ ಜೊತೆ, ಜನ್ಮವೆಲ್ಲ ಕುಳ್ಳಿನ ಬೂದಿ, ಹಲ್ಲುಪುಡಿ ಎಂದು ಬೆರಳಲ್ಲೇ ತಿಕ್ಕಿದ್ದು ಇದಕ್ಕೆ ಎಂದು ನನಗೆ ಅಂದೇ ಗೊತ್ತಾದದ್ದು. ನಾನು, ನೀನು, ಗೌರೀಶ ಬ್ರಷ್ಷಿನಿಂದ ತಿಕ್ಕುವುದನ್ನು ನೋಡಿ ಇಷ್ಟು ವರ್ಷ ಮನಸ್ಸಿನಲ್ಲೇ ಏನೇನು ಅಂದುಕೊಂಡಿದ್ದಾರೋ! ರೂಬಿನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಕಾಕಾ, ಹಂದಿ ಕೂದಲಾ ಇದ್ದಿದ್ರ ನಾನರ ಬಾಯಾಗ ಇಟಗೊಂತಿದ್ನೇನ್ರಿ?” ಎಂದಳು. ಆದರೂ ಅವರು ಸೋಲಲಿಲ್ಲ. “ನಿನ್ನ ಮ್ಯಾಲ ನಂಬಿಕಿ ಐತಿ ಬೇ ತಂಗಿ, ಕಂಪನಿ ಮ್ಯಾಲ ಇಲ್ಲ. ಒಂದ ಎಳಿ ಕಿತ್ತ ಕೊಡು, ಸುಟ್ಟ ನೋಡೂಣು” ಎಂದರು.

ನೀನು ನಮ್ಮ ಮನೆಗೆ ಬರುವಷ್ಟರಲ್ಲಿ ಅವರು ರೈತರ ಹತ್ತಿ ಮಾರಿಕೊಡುವ ಅಡತಿ ಅಂಗಡಿ ಬಿಟ್ಟಿದ್ದರು, ಹಾಗಾಗಿ ನೀನು ನೋಡಿಲ್ಲ. ಮೂವತ್ತು ವರ್ಷ ಹತ್ತಿ ಪರೀಕ್ಷೆ ಮಾಡಿದ ಕೈ ಅದು. ಚಿಟಿಕೆ ಅರಳೆಯನ್ನು ಎರಡು ಹೆಬ್ಬೆರಳ ನಡುವೆ ಎಳೆದರೆ ಎಳೆ ಎಷ್ಟು ಉದ್ದ, ಮಳೆಯಲ್ಲಿ ನೆನೆದ ಮಾಲೋ ಅಲ್ಲವೋ ಎಂದು ಹೇಳಿಬಿಡುತ್ತಿದ್ದರು. ನೂಲಿನಲ್ಲಿ ಕಲಬೆರಕೆಯ ಅನುಮಾನ ಬಂದರೆ ಕಡ್ಡಿ ಗೀರಿ ಸುಟ್ಟು ಮೂಸುತ್ತಿದ್ದರು. ಆವತ್ತೂ ಹಾಗೇ ಆಯಿತು. ರೂಬಿನಾ ಹಳೆಯ ತಲೆಯಿಂದ ಇಕ್ಕಳದಲ್ಲಿ ನಾಲ್ಕು ಎಳೆ ಕಿತ್ತಳು. ಅವರು ಎಡಗೈಯಲ್ಲಿ ಇಕ್ಕಳ ಹಿಡಿದರು, ನಾನು ಕಡ್ಡಿ ಗೀರಿದೆ. ಎಳೆ ಮುದುಡಿಕೊಂಡು ತುದಿಗೆ ಸಾಸಿವೆಯಷ್ಟು ಗಟ್ಟಿ ಗುಂಡು ಕಟ್ಟಿತು. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. “ಕೂದಲಲ್ಲ ಇದು. ಕೂದಲಾ ಇದ್ರ ವಾಸನಿ ಬ್ಯಾರೇನಾ. ನೈಲಾನ್ ಐತಿ. ಮಾಲು ಸಾಫ್ ಐತಿ” ಎಂದರು. ರೋಹಿಣಿ, ಆ ದನಿ! ಪೇಟೆಯಲ್ಲಿ ಹತ್ತು ಮಂದಿ ರೈತರ ನಡುವೆ ನಿಂತು ಹೇಳುತ್ತಿದ್ದ ದನಿ. ಎಂಟು ತಿಂಗಳಿಂದ ಅವರನ್ನು ಯಾರೂ ಏನೂ ಕೇಳಿರಲಿಲ್ಲ, ಉಂಡಿರಾ, ಗುಳಿಗೆ ತೆಗೆದುಕೊಂಡಿರಾ ಎಂಬುದರ ಹೊರತು. ನನಗೆ ಅಳು ಬಂತು. ಕಡ್ಡಿಯ ಹೊಗೆ ಎಂದು ಒಳಗೆ ಹೋದೆ.

ಅಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಹೊಸ ತಕರಾರು. ಉಣ್ಣುವುದೇನೋ ಪೂಜೆಯಾದ ಮೇಲೆ, ಪೂಜೆಗೆ ಮೊದಲು ಎಡಗೈಯನ್ನು ಬಾಯಿಗೆ ಹೇಗೆ ಇಡುವುದು? ಚೆಂಬು ಹಿಡಿದು ಹೋಗುವ ಕೈ ಅದು, ಅದರಿಂದ ಬಾಯಿ ಶುದ್ಧ ಮಾಡಿಕೊಂಡು ಪೂಜೆಗೆ ಕೂತರೆ ಮೈಲಿಗೆ ಆಗುವುದಿಲ್ಲವೇ? ಇದಕ್ಕೆ ನನಗೂ ಮೂರು ದಿನ ಉತ್ತರ ತೋಚಲಿಲ್ಲ. ನೀನು ಹೊರಡುವ ದಿನ ಹೇಳಿದ್ದೆಯಲ್ಲ, “ಅತ್ತಿ, ಎಲ್ಲಾದ್ರಾಗೂ ನೀವಾ ಕೈ ಹಾಕಬ್ಯಾಡ್ರಿ, ಮಾವಾರಿಗೆ ತಾವಾ ಮಾಡಾಕ ಬಿಡ್ರಿ” ಎಂದು, ಅದನ್ನೇ ನೆನೆಸಿಕೊಳ್ಳುತ್ತಾ ಗುರುವಾರ ಪೂಜೆಯಲ್ಲಿ ಅವರ ಅಂಗೈ ಮೇಲಿನ ಲಿಂಗಕ್ಕೆ ನೀರು ಹಾಕುತ್ತಿದ್ದೆ. ಒಮ್ಮೆಲೇ ಕಣ್ಣಿಗೆ ಬಿತ್ತು. ಪೂಜೆ ಮುಗಿಯುವವರೆಗೆ ತಡೆದುಕೊಂಡು ಆಮೇಲೆ ಕೇಳಿದೆ: “ದಿನಾ ಲಿಂಗ ಕೂಡೂದು ಯಾವ ಕೈಯಾಗ್ರಿ? ಎಡಗೈಯಾಗ. ದೇವ್ರು ಕೂಡೂ ಕೈ ಬಾಯಿಗೆ ಹೆಂಗ ಮೈಲಿಗಿ ಆಕ್ಕೈತ್ರಿ?” ಅವರು ತಮ್ಮ ಎಡ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಅವರು ಹ್ಞೂಂ ಎಂದೂ ಅಂದಿಲ್ಲ, ಬೇಡವೆಂದೂ ಅಂದಿಲ್ಲ. ಗೌರೀಶ ಫೋನಿನಲ್ಲಿ ಒಂದು ಬ್ರಷ್ಷು ಆರಿಸಿ ಇಟ್ಟುಕೊಂಡು, ಕೆಲಸದಿಂದ ಬಂದ ಕೂಡಲೇ “ಅವ್ವಾ, ಒತ್ತಲೇನ?” ಎಂದು ದಿನಾ ಕೇಳುತ್ತಾನೆ. ಒತ್ತಿದರೆ ಮೂರು ದಿನಕ್ಕೆ ಮನೆಗೆ ಬರುತ್ತದಂತೆ. ರೋಹಿಣಿಯ ಮಾತು ಬರಲಿ, ಆಮೇಲೆ ಒತ್ತು ಎಂದು ನಾನೇ ತಡೆದಿದ್ದೇನೆ. ಇನ್ನೂ ಕೆಲವು ಅನುಮಾನ ನನಗೆ ಇದ್ದೇ ಇವೆ. ಕರೆಂಟು ಎರಡು ದಿನ ಹೋದರೆ ಚಾರ್ಜು ಇರುತ್ತದೆಯೇ? ಕೈಜಾರಿ ಬಚ್ಚಲಿನ ಕಲ್ಲಿನ ಮೇಲೆ ಬಿದ್ದರೆ? ಬಲದವಡೆಗೆ ಸ್ಪರ್ಶ ಕಡಿಮೆ ಇರುವುದರಿಂದ ಮೊದಮೊದಲು ಕನ್ನಡಿ ನೋಡಿಕೊಂಡೇ ತಿಕ್ಕಬೇಕಂತೆ, ಅದು ಇವರಿಗೆ ಒಗ್ಗೀತೇ? ಒಂದು ವಾರಕ್ಕೆ ಬೇಸತ್ತು ಮೂಲೆಗೆ ಎಸೆದರೆ? ನೀನು ಓದಿದವಳು, ಯೋಚಿಸಿ ಒಂದು ಸಾಲು ಬರೆ. ನೀನು ತರಿಸಿ ಎಂದರೆ ತರಿಸುತ್ತೇವೆ, ಬೇಡ ಎಂದರೆ ಬಿಡುತ್ತೇವೆ.

ರಹೀಮಾಬಿ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ರೂಬಿನಾ ನಿನ್ನ ಖಾಕಿ ಬಟ್ಟೆಯ ಫೋಟೋ ಬೇಕೆನ್ನುತ್ತಾಳೆ. ನಿನ್ನ ಮಾವನವರು, “ಬಂದೂಕ ಹಿಡ್ಯಾಕ ಕಲಿಸಿದ್ರೇನ ಕೇಳು” ಎಂದರು, ಅದೇ ಅವರ ಆಶೀರ್ವಾದ ಎಂದು ತಿಳಿ. ಹೊಟ್ಟೆ ತುಂಬ ಉಣ್ಣು, ಗಟ್ಟಿಯಾಗಿ ಓಡು, ಯಾರಿಗೂ ಹೆದರಬೇಡ. ನಿನಗೆ ಎಲ್ಲ ಒಳ್ಳೆಯದಾಗಲಿ, ನನ್ನವ್ವಾ.

ನಿನ್ನ ಅತ್ತೆ,
ರೇವವ್ವ

ತಾ.ಕ.: ಮಂಗಳವಾರ ಬೆಳಿಗ್ಗೆ. ಅಂಟಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಗೌರೀಶ ಗಾಡಿ ಚಾಲೂ ಮಾಡಿಕೊಂಡು ನಿಂತಿದ್ದಾನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅವರು ಗುರುವಾರ ಸಂಜೆಯೇ “ತರಸ್ರಿ” ಎಂದಿದ್ದರು, ನಾನು ಯಾರಿಗೂ ಹೇಳಲಿಲ್ಲ. ಇವತ್ತು ಎದ್ದು ನೋಡಿದರೆ ಬಚ್ಚಲಲ್ಲಿ ಒಬ್ಬರೇ ನಿಂತು ಎಡಗೈಯಲ್ಲಿ ಗೌರೀಶನ ಸಾದಾ ಬ್ರಷ್ಷು ಹಿಡಿದುಕೊಂಡಿದ್ದಾರೆ, ಮೀಸೆಯೆಲ್ಲ ನೊರೆ, ನೊರೆಯಲ್ಲಿ ರಕ್ತ. “ಐದು ದಿನ ಆತು, ಯಾಕ ತರಿಸಿಲ್ಲ? ಯಾರ ಬ್ಯಾಡ ಅಂದ್ರು?” ಎಂದು ಕೇಳಿದರು. ಇನ್ನು ಮುಚ್ಚಿಡಲು ಆಗಲಿಲ್ಲ. ನಾನೇ ಎಂದೆ. ಈ ಮನೆಗೆ ಬಂದು ನಲವತ್ಮೂರು ವರ್ಷವಾಯಿತು, ನಿಮ್ಮ ಗದ್ದ ಹಿಡಿದು ಮುಖ ನೋಡಿದ್ದು ಈ ಎಂಟೇ ತಿಂಗಳು, ಬೈದರೂ ಕಚ್ಚಿದರೂ ನನಗೆ ಅದು ಬೇಕಿತ್ತು, ಮಷೀನು ಬಂದರೆ ಮುಂಜಾನೆ ನಾನು ಎಲ್ಲಿ ನಿಲ್ಲಬೇಕು ಎಂದು ಕೇಳಿಬಿಟ್ಟೆ. ಅವರು ಬಾಯಿ ಮುಕ್ಕಳಿಸಿದರು. ಎಡಗೈಯಿಂದಲೇ ಮೀಸೆ ಒರೆಸಿಕೊಂಡರು. ನನ್ನ ಮುಖ ನೋಡದೆ ಗೋಡೆಯ ಕಡೆ ತಿರುಗಿ, “ಅದು ಹಲ್ಲ ತಿಕ್ಕತೈತಿ ಖರೆ. ಕನ್ನಡಿ ಹಿಡಿತೈತೇನ?” ಎಂದರು. ಹೊರಗೆ ಬಂದು ಗೌರೀಶನಿಗೆ ಒತ್ತು ಎಂದೆ.